ಹಾಲ್ಸೆತ್‌ನ ಅಡೆಗಲ್ಲು

ಪುರಸಭೆಯ ಮುಂದೆ ನೆನಪಿಗೆಂದು ಇಟ್ಟಿದ್ದ ಹಳೆಯ ಕಮ್ಮಾರನ ಅಡೆಗಲ್ಲಿಗೆ ಯಾರೋ ರಕ್ತ ಬಳಿದಿದ್ದಾರೆಂದು ಬೆಳಿಗ್ಗೆಯೇ ಊರಿನ ವಾಟ್ಸಾಪ್ ಗುಂಪಿನಲ್ಲಿ ಫೋಟೊ ಬಂತು. ಪಕ್ಕದಲ್ಲಿ ಒಡೆದ ಕುಂಬಳಕಾಯಿ, ಅದರ ಹೊಟ್ಟೆಯೂ ಕೆಂಪು. ಲಕ್ಷ್ಮೀಕಾಂತ ಫೋಟೊ ದೊಡ್ಡದು ಮಾಡಿ ನೋಡಿದ. ಸೇವಂತಿಗೆ ಹೂವೂ ಇತ್ತು.

“ವಿಜೀ, ಇದು ನೀನೇನಾ?” ಎಂದು ಹೆಂಡತಿ ವಿಜಯಶ್ರೀಯನ್ನು ಕೇಳಿದ.

“ಹೂಂ. ನಿನ್ನೆ ಆಯುಧಪೂಜೆ ಅಲ್ವಾ? ವಾಕ್ ಹೋದಾಗ ಮಾಡ್ಬಿಟ್ಟು ಬಂದೆ. ಬೂದುಗುಂಬಳ ಸಿಗ್ಲಿಲ್ಲ, ಹ್ಯಾಲೋವೀನ್‌ಗೆ ಅಂತ ಅಂಗಡೀಲಿ ಇಟ್ಟಿರೋ ಕುಂಬಳಾನೇ ಒಡೆದೆ.”

“ತಲೆಗಿಲೆ ಕೆಟ್ಟಿದ್ಯಾ? ಎಲೆಕ್ಷನ್ ಇನ್ನೇನು ಬಂತು. ಇವ್ರ ಮನೆಯವ್ರು ಮಾಟ ಮಾಡ್ಸಿದ್ರು ಅಂತಾರೆ. ಒಂದು ಓಟ್ ಬೀಳಲ್ಲ.”

“ನೀವೇ ತಾನೇ ಎಲ್ಲಾ ಸ್ಪೀಚಲ್ಲೂ ಆ ಹಾಲ್ಸೆತ್ ಕಥೆ ಹೇಳೋದು? ಅಂಥವನ ಅಡೆಗಲ್ಲು ಹಬ್ಬದ ದಿನ ಬರಿ ಹಣೇಲಿ ನಿಂತಿತ್ತು. ನೋಡಕ್ಕಾಗ್ಲಿಲ್ಲ.”

ಅಮೆರಿಕದ ರೆಡ್ಮಂಡ್ ದಾಟಿ ಬೆಟ್ಟದ ಕಡೆ ಹೋದರೆ ಸಿಗುವ ಆ ಪುಟ್ಟ ಊರಿನ ಮೊದಲ ಮೇಯರ್ ಹಾಲ್ಸೆತ್ ಒಬ್ಬ ಕಮ್ಮಾರ. ಕಾಡು ಕಡಿಯುತ್ತಿದ್ದ ಕಾಲದಲ್ಲಿ ಹೊರಗಿನಿಂದ ಬಂದು, ಗರಗಸ ಹದಮಾಡಿ, ಕುದುರೆಗೆ ಲಾಳ ಹೊಡೆದು ಬದುಕಿದವನು. ಮೇಯರ್ ಆದ ಮೇಲೂ ಸಂಜೆ ಕುಲುಮೆಗೇ ಹೋಗುತ್ತಿದ್ದ. ಮೇಯರ್ ಹುದ್ದೆಗೆ ನಿಂತಿದ್ದ ಲಕ್ಷ್ಮೀಕಾಂತನೂ ಹೊರಗಿನಿಂದ ಬಂದವನೇ. “ನಾನೂ ಅವನ ಹಾಗೆ ಕೆಲಸಗಾರ” ಎಂದು ಸಭೆಗಳಲ್ಲಿ ಹೇಳುತ್ತಿದ್ದ. ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಬೇಕಾದರೂ ಅವನು ಆಳು ಕರೆಸುತ್ತಿದ್ದ.

ಅವನು ಹೊರಗೆ ಹೋಗಿ ಕಾರಿನ ಬಾನೆಟ್ ಮೇಲಿದ್ದ ಕುಂಕುಮ ಒರೆಸಿದ. ಅಷ್ಟರಲ್ಲಿ ಇತಿಹಾಸ ಸಂಘದ ಮುದುಕಿ ಡೋರಿಸ್ ಫೋನ್ ಮಾಡಿದಳು. ಇದು ಹೈಸ್ಕೂಲ್ ಹುಡುಗರ ಪುಂಡಾಟ, ಶುಚಿ ಮಾಡುತ್ತಿದ್ದೇವೆ, ನೀನು ಬಂದರೆ ಚೆನ್ನ ಎಂದಳು.

“ಬರ್ತೀನಿ” ಎಂದ ಲಕ್ಷ್ಮೀಕಾಂತ. ಫೋನಿಟ್ಟು ಹೆಂಡತಿಗೆ, “ನೀನೂ ಬಾ. ಬಾಯಿ ಮಾತ್ರ ಬಿಡಬೇಡ” ಎಂದ.

ಪುರಸಭೆಯ ಮುಂದೆ ಮೂವತ್ತು ನಲವತ್ತು ಜನ ಸೇರಿದ್ದರು. ಎಲ್ಲರೂ ಹುಡುಗರನ್ನು ಬೈಯುತ್ತಿದ್ದರು. ಈ ಸಲ ಶಾಲೆಯ ಹ್ಯಾಲೋವೀನ್ ಮೆರವಣಿಗೆಯನ್ನೇ ನಿಲ್ಲಿಸಬೇಕು ಎಂದನೊಬ್ಬ. ಡೋರಿಸ್ ತಂತಿ ಬ್ರಷ್ ಒಂದನ್ನು ಲಕ್ಷ್ಮೀಕಾಂತನ ಕೈಗೆ ಕೊಟ್ಟು, “ಶುರು ಮಾಡುವ ಮೊದಲು ಆ ಡಾಕ್ಟರ್ ಕುದುರೆಯ ಕಥೆ ಹೇಳಪ್ಪ. ನಿನ್ನ ಹಾಗೆ ಯಾರೂ ಹೇಳುವುದಿಲ್ಲ” ಎಂದಳು.

ವಿಜಯಶ್ರೀ ಎದುರಿಗೇ ನಿಂತಿದ್ದಳು. ಅವನು ಗಂಟಲು ಸರಿಮಾಡಿಕೊಂಡ.

“ಹಾಲ್ಸೆತ್ ಆಗ ಮೇಯರ್. ರೋಗಿಯ ಮನೆಗೆ ಹೊರಟಿದ್ದ ಡಾಕ್ಟರ ಕುದುರೆ ದಾರಿಯಲ್ಲಿ ಕುಂಟಿ ನಿಂತಿತು. ತಡವಾಯಿತೆಂದು ಊರೆಲ್ಲ ಡಾಕ್ಟರನ್ನು ಬೈಯಿತು. ಆಗ ಹಾಲ್ಸೆತ್ ಸಭೆಯಲ್ಲಿ ಎದ್ದು ನಿಂತು ಹೇಳಿದ: ಅವರನ್ನು ಬಿಡಿ. ಲಾಳ ಹೊಡೆದವನು ನಾನು. ಮೊಳೆ ಆಳಕ್ಕೆ ಹೋಯಿತು, ತಪ್ಪು ನನ್ನದು. ಜನ ಮುಂದಿನ ವರ್ಷವೂ ಅವನನ್ನೇ ಮೇಯರ್ ಮಾಡಿದರು.”

ಎಲ್ಲೂ ತಡವರಿಸಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅವನು ಅಂಗಿಯ ತೋಳು ಮಡಚಿ ಉಜ್ಜತೊಡಗಿದ. ನೀರು ಬಿದ್ದ ಕುಂಕುಮ ಇನ್ನಷ್ಟು ಕೆಂಪಾಗಿ ಮುಂಗೈವರೆಗೂ ಹರಿಯಿತು. ಪತ್ರಿಕೆಯವಳು ಫೋಟೊ ತೆಗೆದುಕೊಂಡಳು.

ಮುಗಿದ ಮೇಲೆ ಅವನು ಬ್ರಷ್ಷನ್ನು ಡೋರಿಸ್‌ಗೆ ಕೊಡಲು ಹೋದ. ವಿಜಯಶ್ರೀ ಹತ್ತಿರ ಬಂದಳು.

“ಇಟ್ಕೊಂಡಿರಿ” ಎಂದಳು. “ಮನೇಲಿ ನಿಮ್ಮ ಲ್ಯಾಪ್‌ಟಾಪಿಗೂ ಕುಂಕುಮ ಇಟ್ಟಿದೀನಿ.”