ನಲವತ್ತನೇ ಮನೆ

ಆರೋಗ್ಯ ಕಾರ್ಯಕರ್ತೆ ಸಾವಕ್ಕ ನಲವತ್ತು ಮನೆಗಳ ಹೆಂಗಸರು ಏನೇನು ತಿನ್ನುತ್ತಾರೆಂಬ ಪಟ್ಟಿಯನ್ನು ಆಸ್ಪತ್ರೆಯ ಡಾಕ್ಟರಿಗೆ ಒಪ್ಪಿಸಿದ್ದಳು. ಜೊತೆಗೆ, ಬೆರಳು ಚುಚ್ಚಿ ಒಂದೊಂದು ಹನಿ ರಕ್ತ ಇಳಿಸಿದ ನಲವತ್ತು ಪರೀಕ್ಷೆಯ ಕಾಗದಗಳನ್ನೂ ಕೊಟ್ಟಿದ್ದಳು. ತಿಂಗಳಾದ ಮೇಲೆ ಡಾಕ್ಟರು ಕರೆಸಿದಾಗ, ಅಂದಿನ ಸುತ್ತಾಟ ಮುಗಿಸಿ ಬಂದವಳು ಗೋಡೆಗೆ ಒರಗಿ ನಿಂತಳು.

"ನಲವತ್ತನೇ ಮನಿಯಾಕಿ ದಿನಾ ಹಾಲು, ತತ್ತಿ, ಹಣ್ಣು ತಿಂತೀನಿ ಅಂತ ಬರಸ್ಯಾಳ. ರಕ್ತ ನೋಡಿದ್ರ, ಆಕಿ ತಿಂಗಳಾನುಗಟ್ಟಲೆ ಅವುಗಳ ಮಾರೀನ ನೋಡಿಲ್ಲ."

"ಹೌದನ್ರಿ?"

"ಬಾಯಿ ಸುಳ್ಳು ಹೇಳತೈತಿ, ರಕ್ತ ಹೇಳೂದಿಲ್ಲ. ನಾಳೆ ಆಕಿನ್ನ ಕರಕೊಂಡು ಬಾರವಾ, ಔಷಧಿ ಸುರು ಮಾಡೂಣು."

ಸಾವಕ್ಕ ಮೆಲ್ಲಗೆ ಕುರ್ಚಿಯಲ್ಲಿ ಕುಸಿದಳು.

"ಆ ಮನಿಗೆ ಕೀಲಿ ಹಾಕಿತ್ರಿ ಸರ. ಮತ್ತೊಮ್ಮಿ ಹೋಗಾಕ ಕಾಲಾಗ ಕಸುವಿರಲಿಲ್ಲ. ಊಟ ಮನಸಿಗೆ ಬಂದಂಗ ಬರದೆ. ರಕ್ತ ನಂದೇ ಹಚ್ಚಿದೆ."