ಪುಡಿ ಹಾಕದ ಹೊಂಡ

ಬೆಳಿಗ್ಗೆ ಏಳೂವರೆ. ಪುಡಿಯ ಡಬ್ಬ ಖಾಲಿಯಾಗಿತ್ತು.

ನಯನ ಡಬ್ಬವನ್ನು ಬೋರಲು ಹಾಕಿ ತಟ್ಟಿದಳು. ಏನೂ ಉದುರಲಿಲ್ಲ. ಸಿಗಡಿ ಹಿಡಿಯುವವರೆಗೆ ಬರಬೇಕಿದ್ದ ಪುಡಿ ಅರ್ಧಕ್ಕೇ ಮುಗಿದಿತ್ತು.

ಅಂಬ್ಲಿಗೊಳದ ನಾಲೆಯ ಕೆಳಗೆ ಸಣ್ಣಬೀರಪ್ಪನವರ ಜಮೀನಿನಲ್ಲಿ ಎರಡು ಹೊಂಡ, ನಡುವೆ ಒಂದು ಬದು. ಎರಡಕ್ಕೂ ಒಂದೇ ದಿನ ಸಿಹಿನೀರಿನ ಸಿಗಡಿ ಮರಿ ಬಿಟ್ಟಿದ್ದರು. ಮೂಡಲ ಹೊಂಡದ ಮೇವಿಗೆ ನಯನ ಕೆಲಸಕ್ಕಿದ್ದ ಕಂಪನಿಯ ಹೊಸ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಸವರಬೇಕು. ಅದರಲ್ಲಿ ಕರುಳಿಗೆ ಒಳ್ಳೆಯದು ಮಾಡುವ ಸೂಕ್ಷ್ಮಜೀವಿಗಳು, ಜೊತೆಗೆ ಒಂದಿಷ್ಟು ಬೆಳ್ಳುಳ್ಳಿ ಸಾರ. ಪಡುವಲ ಹೊಂಡಕ್ಕೆ ಬರೀ ಮೇವು. ಕೊನೆಗೆ ತೂಕ. ಮೂಡಲದ್ದು ದಪ್ಪ ಬಂದರೆ ಕಂಪನಿಯಲ್ಲಿ ನಯನಾಳ ಕೆಲಸ ಕಾಯಂ. ಬಾರದಿದ್ದರೆ ಕೆಲಸವೇ ಇಲ್ಲ.

ಕಳ್ಳ ಯಾರೆಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಸಣ್ಣಬೀರಪ್ಪನವರ ಟಗರು ದಿನದಿನಕ್ಕೆ ಮಿರುಗುತ್ತಿತ್ತು.

"ಅಜ್ಜಾ, ಟಗರಿಗೆ ಏನು ಹಾಕ್ತೀರಿ?"

"ಹುರುಳಿ. ಯಾಕವ್ವಾ, ಪುಡಿ ತಿಂದ್ರೆ ಹಿಂಗೆ ಮಿರುಗ್ತಾರೇನು? ಹಂಗಾದ್ರೆ ನಿಮ್ಮ ಮ್ಯಾನೇಜರಿಗೆ ಎರಡು ಚಮಚ ತಿನ್ಸು."

ಮೇವು ಹಾಕುತ್ತಿದ್ದವರು ಅವರ ಹೆಂಡತಿ ಹಾಲಮ್ಮ. ಸಿಗಡಿಗೆ ಹಾಕದೆ ತಾವು ತುತ್ತು ಎತ್ತಿದವರಲ್ಲ. ನಯನ ಶಿಕಾರಿಪುರದಿಂದ ಇನ್ನೊಂದು ಡಬ್ಬ ತಂದಳು. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದು, ಕೀಲಿಯನ್ನು ಹಾಲಮ್ಮನ ಕೈಗೇ ಕೊಟ್ಟಳು.

"ನಾನಿರೋತನಕ ಒಂದು ಚಿಟಿಕೆನೂ ದಂಡ ಆಗಲ್ಲ, ಹೋಗವ್ವಾ," ಎಂದರು ಹಾಲಮ್ಮ.

ಹೊಸ ಡಬ್ಬವೂ ಬೇಗ ಬೇಗ ಇಳಿಯಿತು. ಮುದುಕ ಹೆಂಡತಿಯ ಸೊಂಟದಿಂದ ಕೀಲಿ ಎಗರಿಸುತ್ತಾನೆ ಎಂದು ನಯನ ತೀರ್ಮಾನಿಸಿದಳು.

ಸಿಗಡಿ ಹಿಡಿಯುವ ದಿನ ಶಿವಮೊಗ್ಗದಿಂದ ಮ್ಯಾನೇಜರ್ ನಾಗೇಶ್ ಬಂದರು. ಸುತ್ತಲಿನ ರೈತರೂ ಸೇರಿದರು. ಮೊದಲು ಹಾಲಮ್ಮ ರೊಟ್ಟಿ ಬಡಿಸಿದರು. ಜೀಪಿನಲ್ಲೇ ಕೂತಿದ್ದ ಡ್ರೈವರನ್ನು ಕರೆದು ನಾಗೇಶ್ ಪಕ್ಕದಲ್ಲಿ ಕೂರಿಸಿ, ಅವರಿಗೆಷ್ಟೋ ಅವನಿಗೂ ಅಷ್ಟೇ ಬೆಣ್ಣೆ ಹಾಕಿದರು. ನಾಗೇಶ್ ತುಸು ಆಚೆ ಸರಿದು ಕೂತರು.

ಮೂಡಲ ಹೊಂಡದ ಬಲೆ ಮೇಲೆ ಬಂತು. ಅಂಗೈ ಮೀರುವ ಸಿಗಡಿಗಳು. ನಾಗೇಶ್ ಒಂದನ್ನು ಮೀಸೆ ಹಿಡಿದು ಎತ್ತಿ, ಅದರ ಪಕ್ಕ ತಮ್ಮ ಮುಖವಿಟ್ಟು ಫೋಟೊ ತೆಗೆಸಿಕೊಂಡರು.

"ಇದು ವಿಜ್ಞಾನ," ಎಂದರು.

ಪಡುವಲ ಹೊಂಡದ ಬಲೆಯೂ ಬಂತು. ಅವೂ ಅಷ್ಟೇ ದಪ್ಪ. ತಕ್ಕಡಿ ಕೂಡ ಅದನ್ನೇ ಹೇಳಿತು.

"ಪುಡಿ ತಿನ್ನದೋವೂ ಹಿಂಗೇ ಬೆಳೆದ್ರೆ, ವಿಜ್ಞಾನ ಯಾವ ಹೊಂಡದಾಗೈತ್ರೀ ಸಾರ್?" ಪಕ್ಕದ ಜಮೀನಿನ ಉಜ್ಜಪ್ಪ ಕೇಳಿದ. ಜನ ನಕ್ಕರು.

ನಾಗೇಶ್ ನಗಲಿಲ್ಲ. ಬದುವಿನ ಮೇಲೆ ನಿಂತೇ ಹೆಡ್ಡಾಫೀಸಿಗೆ ಫೋನ್ ಮಾಡಿದರು. ಪ್ರಯೋಗ ಶಿಸ್ತಾಗಿ ನಡೆದಿದೆ, ಪುಡಿಯಿಂದ ಪ್ರಯೋಜನವಿಲ್ಲ ಎಂದರು.

"ಸಾರ್, ಪುಡಿ ಸಿಗಡಿ ಬಾಯಿಗೆ ಹೋಗೇ ಇಲ್ಲ," ನಯನ ಅಡ್ಡ ಬಂದಳು. "ಅಜ್ಜ ಟಗರಿಗೆ ತಿನ್ನಿಸಿದ್ದಾರೆ."

"ನೋಡಿದ್ಯೇನೇ, ನಿನ್ನ ಗಂಡ ಪುಡಿಗಳ್ಳನಂತೆ," ಸಣ್ಣಬೀರಪ್ಪ ಹೆಂಡತಿಯ ಕಡೆ ತಿರುಗಿದರು.

ಹಾಲಮ್ಮ ರೇಗಿದರು. "ಟಗರಿಗೆ ಒಂದು ಚೂರೂ ಹೋಗಿಲ್ಲ ಕಣವ್ವಾ. ಎರಡೂ ಹೊಂಡಕ್ಕೆ ನನ್ನ ಕೈಯಾರೆ ಕಲಸಿ ಹಾಕೀನಿ. ಪಕ್ಕಪಕ್ಕದಾಗೆ ಉಣ್ತಾವೆ, ಒಂದಕ್ಕೆ ಬಡಿಸಿ ಇನ್ನೊಂದಕ್ಕೆ ಬಿಡ್ಲಾ? ಪಂಕ್ತಿಭೇದ ನಮ್ಮನೇಲಿಲ್ಲ."

ನಯನಾಳ ಮುಖ ಅರಳಿತು.

"ಸಾರ್! ಹಾಗಾದ್ರೆ ಪುಡಿ ದಂಡ ಅನ್ನೋಕಾಗಲ್ಲ. ಎರಡೂ ತಿಂದಿವೆ, ಎರಡೂ ಬೆಳೆದಿವೆ. ಫೋನ್ ಮಾಡಿ ಹೇಳಿ ಸಾರ್."

ನಾಗೇಶ್ ಫೋನನ್ನು ಜೇಬಿಗಿಳಿಸಿದರು. "ಪುಡಿ ಕೆಲಸ ಮಾಡಿಲ್ಲ ಅಂದ್ರೆ ಪುಡಿ ತಪ್ಪಮ್ಮ. ಪ್ರಯೋಗನೇ ಶಿಸ್ತಾಗಿ ನಡೆದಿಲ್ಲ ಅಂತ ಈಗ ತಿದ್ದಿ ಹೇಳಿದ್ರೆ ನನ್ನ ತಪ್ಪು."

ಸೋಮವಾರ ಕಂಪನಿ ಪುಡಿಯನ್ನೂ ನಯನಾಳನ್ನೂ ಕೈಬಿಟ್ಟಿತು.