ಅಜ್ಜಿ ಒತ್ತಿ ಹಿಡಿದ ಕವೆಗೋಲು

ನಾನು ನಿಂತಿದ್ದು ಮೂಡಲಪಾಳ್ಯದ ನಮ್ಮ ಬೀದಿಯ ಬೇವಿನ ಮರದ ಕೆಳಗೆ, ಒಲೆಯ ಹೊಗೆ ಬರುವ ಕಡೆ. 2004ರ ಬೇಸಿಗೆಯಲ್ಲಿ, ಬೀದಿಯ ಗುಡಿಯ ಅಮ್ಮನ ಹಬ್ಬದ ಮಧ್ಯಾಹ್ನ. ಈಗಲೂ ಎಲ್ಲಾದರೂ ರಾಗಿ ಬೇಯುವ ವಾಸನೆ ಬಂದರೆ ಅಲ್ಲಿಗೇ ಹೋಗಿಬಿಡುತ್ತೇನೆ.

ಇಡೀ ಬೀದಿಗೆ ಮುದ್ದೆ ತಿರುವುವುದು ಪ್ರತಿವರ್ಷವೂ ನಮ್ಮ ಅಜ್ಜಿಯ ಕೆಲಸ. ಆ ವರ್ಷ ಅವಳ ಭುಜ ಏಳುತ್ತಿರಲಿಲ್ಲ. ಮುದ್ದೆ ತಿರುವುವ ಕೋಲನ್ನು ಸೊಸೆಗೆ, ಅಂದರೆ ನಮ್ಮಮ್ಮನಿಗೆ ಕೊಟ್ಟಳು. ಅಮ್ಮ ಗದಗದ ಕಡೆಯವಳು. ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ ತಟ್ಟಿ, ಮಾರಿ, ಮನೆ ನಡೆಸುತ್ತಿದ್ದಳು.

“ರೊಟ್ಟಿ ತಟ್ಟೋಳ ಕೈಗೆ ಮುದ್ದೆ ಕೋಲಾ? ಗಂಟು ಕಟ್ಟಿದ್ರೆ ಬೀದಿಗೆಲ್ಲ ಉಪವಾಸ ಕಣ್ರೇ!” ಎಂದು ಪಕ್ಕದ ಮನೆಯ ಜಯಮ್ಮ ನಕ್ಕರು.

ಒಲೆಯಿಂದ ಇಳಿಸಿದ ಪಾತ್ರೆಯಲ್ಲಿ ಅಮ್ಮ ಕೋಲಾಡಿಸಿದಳು. ಪಾತ್ರೆ ಜಾರಿತು. ಜಾರದಂತೆ ಅದರ ಕತ್ತಿಗೆ ಕವೆಗೋಲು, ಅಂದರೆ ತುದಿ ಕವಲೊಡೆದ ಕೋಲು, ಸಿಕ್ಕಿಸಿ, ಯಾರಾದರೂ ಕಾಲಿನಿಂದ ಒತ್ತಿ ಹಿಡಿಯಬೇಕು. ಅದು ಕಿರಿಯರ ಕೆಲಸ. ಯಾರೂ ಮುಂದೆ ಬರಲಿಲ್ಲ. ಅಮ್ಮನ ಕೈ ನಿಂತಿತು.

ಆಗ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಬಂದಳು. ನೆಲದ ಮೇಲೆ ಕುಳಿತು, ಎರಡೂ ಪಾದಗಳಿಂದ ಕವೆಗೋಲನ್ನು ಒತ್ತಿದಳು.

“ಬ್ಯಾಡ್ರೀ ಅತ್ತಿ, ನೀವು ಏಳ್ರಿ,” ಎಂದಳು ಅಮ್ಮ.

“ಕೋಲು ನಿನ್ ಕೈಲಿದೆ. ನನ್ ಮುಖ ಏನ್ ನೋಡ್ತೀಯ? ತಿರುವಮ್ಮ.”

ಅಮ್ಮ ತಿರುವಿದಳು. ಮೊದಲ ಮುದ್ದೆಯನ್ನು ಅಜ್ಜಿ ಮುರಿದು ನೋಡಿ, ಜಯಮ್ಮನ ತಟ್ಟೆಗೆ ಹಾಕಿದಳು. ಅದನ್ನು ತಿಂದು ಮುಗಿಸಿದ ಮೇಲೆ ಜಯಮ್ಮ ಇನ್ನೊಂದಕ್ಕೆ ತಟ್ಟೆ ಚಾಚಿದ್ದು ಅಮ್ಮನ ಕಡೆಗೆ.

ಒಲೆಯ ಹತ್ತಿರವೇ ಇದ್ದು ಇದನ್ನು ಕಂಡವರಲ್ಲಿ ಈಗ ಉಳಿದಿರುವವರು ಜಯಮ್ಮ, ಮತ್ತು ನಾನು.